ಜೋಡುನಳಿಗೆಯ ಪಟ್ಟಿಯೂ ಗಟ್ಟಿ ಬೆಸುಗೆಯ ಮೋಹವೂ

ಜೋಡುನಳಿಗೆಯ ಕೋವಿಯನ್ನು ಮನೆಯಲ್ಲಿಟ್ಟುಕೊಂಡಿರುವ ಮಲೆನಾಡಿನ ಗೃಹಸ್ಥರಲ್ಲಿಯೂ, ಅಂತಹ ಕೋವಿಗಳ ದುರಸ್ತಿಯನ್ನೇ ವೃತ್ತಿಯಾಗಿ ನಂಬಿಕೊಂಡಿರುವ ಅಂಗಡಿಯವರಲ್ಲಿಯೂ, ಕೋವಿಯನ್ನು ಎಂದೂ ಹೆಗಲಿಗೇರಿಸದಿದ್ದರೂ ಅದರ ವಿಷಯವಾಗಿ ಅಭಿಪ್ರಾಯವನ್ನು ಮಾತ್ರ ಧಾರಾಳವಾಗಿ ದಯಪಾಲಿಸಬಲ್ಲ ಊರಿನ ಹಿರಿಯರಲ್ಲಿಯೂ ಒಂದು ಮತವು ಬಹುಕಾಲದಿಂದ ಬೇರೂರಿ ನಿಂತಿದೆ. ಎರಡು ನಳಿಗೆಗಳ ನಡುವೆ ಬುಡದಿಂದ ಬಾಯಿಯವರೆಗೆ ಹರಿದಿರುವ ಉಕ್ಕಿನ ಪಟ್ಟಿ, ಎಂದರೆ ಅಂಗಡಿಯವರು ರಿಬ್ಬು ಎಂದು ಕರೆಯುವ ವಸ್ತು, ಕಣ್ಣಿಗೆ ಗುರಿ ತೋರಿಸುವ ಒಂದು ಅಲಂಕಾರವೆಂದೂ, ಅದು ಸಡಿಲಿದರೆ ಕೋವಿಗೆ ಬಂದ ಕೇಡೇನೂ ಇಲ್ಲವೆಂದೂ, ಅಷ್ಟಕ್ಕೂ ಮನಸ್ಸಿಗೆ ಸಮಾಧಾನವಾಗದಿದ್ದರೆ ಸಡಿಲಿದಷ್ಟು ಜಾಗಕ್ಕೆ ಮಾತ್ರ ಸಾಧ್ಯವಾದಷ್ಟು ಗಟ್ಟಿಯಾದ ಬೆಸುಗೆಯೊಂದನ್ನು ಹಾಕಿಸಿಬಿಟ್ಟರೆ ಜನ್ಮಕ್ಕೆ ಸಾಕೆಂದೂ ಈ ಮತದ ಸಾರಾಂಶ. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಲೋಹಶಾಸ್ತ್ರದ ಕಾರಣಗಳಿವೆ. ಅವಕ್ಕಿಂತ ಮುಂಚೆ, ಹೇಳಿಕೊಳ್ಳಲು ಸಂಕೋಚವಾದರೂ, ನಮ್ಮ ತಂದೆಯವರ ಕೋವಿಯನ್ನು ಈ ಮತಕ್ಕೆ ಬಲಿಕೊಟ್ಟವನು ನಾನೇ ಎಂಬ ಕಾರಣವೂ ಇದೆ.

ಆ ಕೋವಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನದು. 12 ಬೋರು, 28 ಇಂಚಿನ ನಳಿಗೆ. ತೋಟವನ್ನು ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬನಿಂದ ತಂದೆಯವರು ಕೊಂಡದ್ದು. ನಳಿಗೆಗಳ ಬುಡದ ಚಪ್ಪಟೆಯಾದ ಭಾಗದಲ್ಲಿ, ಕಿರೀಟದ ಕೆಳಗೆ, ಎನ್.ಪಿ. ಎಂಬ ಎರಡಕ್ಷರಗಳ ಮುದ್ರೆಯಿದೆ. 1813ರಲ್ಲಿ ಸ್ಥಾಪಿತವಾದ ಆ ಊರಿನ ಪರೀಕ್ಷಾಗೃಹದವರು, ಹೊಗೆಯಿಲ್ಲದ ಮದ್ದಿನ ಈಡನ್ನು ವಾಡಿಕೆಗಿಂತ ಬಲವಾಗಿ ತುಂಬಿ ಹಾರಿಸಿ, ನಳಿಗೆ ಅದನ್ನು ತಾಳಿಕೊಂಡಿತೆಂದು ಕಂಡ ಮೇಲೆ, 1904ರಿಂದ 1954ರವರೆಗೆ ಒತ್ತುತ್ತಿದ್ದ ಮುದ್ರೆಯದು. ನಮ್ಮ ಲೈಸೆನ್ಸಿನ ಪುಸ್ತಕದಲ್ಲಿ ಈ ಎಲ್ಲ ವಂಶಾವಳಿಗೂ ಬದಲಾಗಿ ಡಿ.ಬಿ.ಬಿ.ಎಲ್. ಎಂಬ ನಾಲ್ಕಕ್ಷರಗಳು ಮಾತ್ರ ಇವೆ. ಒಂದು ಚುನಾವಣೆಯ ಕಾಲದಲ್ಲಿ ನಿಯಮದಂತೆ ಅದನ್ನು ಠಾಣೆಗೆ ಒಪ್ಪಿಸಿದೆ. ಮಳೆ ಹಿಡಿದ ಮೇಲೆ ಹಿಂದಕ್ಕೆ ಪಡೆದು ಮನೆಗೆ ತಂದು ನೋಡಿದರೆ, ಕೆಳಪಟ್ಟಿಯ ಅಂಚಿನಲ್ಲಿ ಒಂದು ಗೇಣುದ್ದಕ್ಕೆ ಕೆಂಪು ತುಕ್ಕಿನ ಗೆರೆ ಬಿದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಪಟ್ಟಿಯು ಕೂದಲೆಳೆಯಷ್ಟು ಒಳಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತಿತ್ತು. ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನೆರೆಮನೆಯ ಗೌಡರಿಗೆ ತೋರಿಸಿದೆ. "ಅಲ್ಲ ರಾಯರೇ, ಈಡು ಹಾರ್ತದೋ ಇಲ್ವೋ? ಹಾರ್ತದೆ ಅಂದ ಮೇಲೆ ಪಟ್ಟಿ ಅಲ್ಲಾಡಿದ್ರೇನು, ಬಿಟ್ರೇನು? ನಮ್ಮನೆ ಕೋವಿದು ಹತ್ತು ವರ್ಷದಿಂದ ಗಿಲಿಗಿಲಿ ಅಂತದೆ, ಮಂಗ ಓಡೋದು ಓಡೇ ಓಡ್ತದೆ" ಎಂದು ಅವರು ತೀರ್ಪು ಕೊಟ್ಟರು. ಪ್ರಚಲಿತ ಮತವನ್ನು ಇದಕ್ಕಿಂತ ಚೊಕ್ಕವಾಗಿ ಯಾವ ವಾದಿಯೂ ಮಂಡಿಸಲಾರನೆಂಬ ಕಾರಣದಿಂದ ಗೌಡರ ಮಾತನ್ನೇ ಪೂರ್ವಪಕ್ಷವಾಗಿ ಇಟ್ಟುಕೊಳ್ಳುತ್ತೇನೆ.

ಪಟ್ಟಿಯು ಕಣ್ಣಿಗಾಗಿಯೇ ಇರುವ ವಸ್ತುವಾಗಿದ್ದರೆ, ಕೋವಿಯ ಹೊಟ್ಟೆಯಡಿಯಲ್ಲಿ, ಗುರಿಯಿಡುವವನ ಕಣ್ಣಿಗೆ ಎಂದೆಂದಿಗೂ ಬೀಳದ ಸ್ಥಳದಲ್ಲಿ, ಇನ್ನೊಂದು ಪಟ್ಟಿ ಇರಬೇಕಾದ ಪ್ರಯೋಜನವೇನಿತ್ತು? ಮೇಲ್ಪಟ್ಟಿಯ ಆಕಾರದಲ್ಲಿ ಕಣ್ಣಿನ ಹಿತವನ್ನು ನೋಡಿರುವುದು ನಿಜ. ಲಂಡನ್ನಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್ 25 ಇಂಚಿನ ಗಿಡ್ಡ ನಳಿಗೆಗಳಿಗೆ ಎತ್ತರವಾದ ಕಿರಿದಾದ ಪಟ್ಟಿಯೊಂದನ್ನು ರೂಪಿಸಿದ್ದು, ನಳಿಗೆ ಇರುವುದಕ್ಕಿಂತ ಉದ್ದವಾಗಿ ತೋರಲೆಂಬ ಉದ್ದೇಶದಿಂದಲೇ. ಆದರೆ ಕಣ್ಣಿಗೆ ಸಂಬಂಧಪಟ್ಟದ್ದು ಪಟ್ಟಿಯ ಆಕಾರವೇ ಹೊರತು ಅದರ ಇರವಲ್ಲ. ಎರಡು ನಳಿಗೆಗಳು ಬುಡದಲ್ಲಿ ಮಾತ್ರ, ಕೆಂಪು ಕಾವಿನಲ್ಲಿ, ಹಿತ್ತಾಳೆಯ ಬೆಸುಗೆಯಿಂದ ಒಂದಾಗಿರುತ್ತವೆ. ಅಲ್ಲಿಂದ ಮುಂದಕ್ಕೆ ಅವುಗಳ ಗೋಡೆಗಳು ತೆಳುವಾಗುತ್ತ, ನಡುವೆ ಸಂದು ಬಿಡುತ್ತ, ಬಾಯಿಯ ಬಳಿ ಮತ್ತೆ ಒಂದನ್ನೊಂದು ಸಮೀಪಿಸುತ್ತವೆ. ಸುಮಾರು 40 ಗಜದ ದೂರದಲ್ಲಿ ಎರಡು ನಳಿಗೆಗಳ ಈಡೂ ಒಂದೇ ಎಡೆಗೆ ಬೀಳಬೇಕೆಂದು ಅವುಗಳ ಓರೆಯನ್ನು ಕುಶಲಿಯಾದವನು ಮೊದಲೇ ನಿಶ್ಚಯಿಸಿರುತ್ತಾನೆ. ಆ ಓರೆಯನ್ನು ಕಾಪಾಡಿಕೊಂಡು ಬರುವವು ಮೇಲಿನ ಮತ್ತು ಕೆಳಗಿನ ಪಟ್ಟಿಗಳು, ಅವುಗಳ ನಡುವೆ ಅಲ್ಲಲ್ಲಿ ಕೂಡಿಸಿದ ಸಣ್ಣ ಉಕ್ಕಿನ ತುಂಡುಗಳು, ಇವೆಲ್ಲವನ್ನೂ ಹಿಡಿದಿರುವ ತವರ. ಕೈಹಿಡಿಯುವ ಮುಂದಿನ ಮರವನ್ನು ಕಚ್ಚಿಕೊಳ್ಳುವ ಕೊಂಡಿಯೂ ಕೆಳಪಟ್ಟಿಯ ದಾರಿಯಲ್ಲಿಯೇ ನೆಲೆಸಿರುತ್ತದೆ; ಆದಕಾರಣ ಅಲ್ಲಿಯ ಬೆಸುಗೆ ಬಿಟ್ಟರೆ ಕೆಡುವುದು ಅಲಂಕಾರವಲ್ಲ, ಕೋವಿಯ ಕಟ್ಟು.

ಗೌಡರ ಆಕ್ಷೇಪಕ್ಕೆ ಇಷ್ಟರಿಂದಲೇ ಉತ್ತರ ಬಂದಂತಾಗಲಿಲ್ಲ. ಸಡಿಲಿದ ಪಟ್ಟಿಯಿಂದ ಕೋವಿ ಆ ಕ್ಷಣದಲ್ಲಿ ಸಿಡಿದುಹೋಗುವುದಿಲ್ಲ. ಹಾಗೆಂದು ಹೇಳಿ ಯಾರನ್ನೂ ಹೆದರಿಸುವ ಇಚ್ಛೆ ನನಗಿಲ್ಲ. ಅಪಾಯವಿರುವುದು ಬೇರೆಡೆಯಲ್ಲಿ. ಎರಡು ನಳಿಗೆ, ಎರಡು ಪಟ್ಟಿ, ಇವುಗಳ ನಡುವೆ ಕೋವಿಯುದ್ದಕ್ಕೂ ಒಂದು ಮುಚ್ಚಿದ ಟೊಳ್ಳು ಇದೆ. ಬೆಸುಗೆ ಗಟ್ಟಿಯಿರುವತನಕ ಅದು ಗಾಳಿ ಸಹ ಆಡದ ಸ್ಥಳ. ಕೂದಲೆಳೆಯಷ್ಟು ಬಿರುಕು ಬಿಟ್ಟಿತೋ, ಮಳೆಯ ಹನಿಯೂ ಹಿಡಿದವನ ಬೆವರೂ ಒರೆಸಿದ ಎಣ್ಣೆಯೂ ತಮ್ಮಷ್ಟಕ್ಕೆ ತಾವೇ ಒಳಕ್ಕೆ ಸೆಳೆಯಲ್ಪಡುತ್ತವೆ. ದೀಪದ ಬತ್ತಿಗೆ ಎಣ್ಣೆ ಏರುವ ನಿಯಮವೇ ಇಲ್ಲಿಯೂ. ಒಳಹೊಕ್ಕ ತೇವವನ್ನು ಒರೆಸಲು ಯಾವ ಬಟ್ಟೆಗೂ ದಾರಿಯಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗೆ ಹಾಕಿದ ಬಟ್ಟೆಯೇ ಬೂಷ್ಟು ಹಿಡಿಯುವ ನಮ್ಮ ಸೀಮೆಯಲ್ಲಿ ಆ ಟೊಳ್ಳಿನೊಳಗೆ ಏನು ನಡೆಯುತ್ತಿರುವುದೆಂದು ಊಹಿಸುವುದು ಕಷ್ಟವಲ್ಲ. ಒಳ್ಳೆಯ ಇಂಗ್ಲಿಷ್ ಕೋವಿಯ ನಳಿಗೆಯ ಗೋಡೆ ಅತ್ಯಂತ ತೆಳುವಾದೆಡೆಯಲ್ಲಿ ಇಂಚಿನ ಸಾವಿರದ 25 ಅಥವಾ 30 ಭಾಗದಷ್ಟು ದಪ್ಪ. 20 ಭಾಗಕ್ಕಿಂತ, ಎಂದರೆ ಸುಮಾರು ಅರ್ಧ ಮಿಲಿಮೀಟರಿಗಿಂತ, ಇಳಿದರೆ ಆ ದೇಶದ ಕಸಬುದಾರರು ಅದನ್ನು ಅನುಮಾನದಿಂದ ನೋಡುತ್ತಾರೆ. ಇಷ್ಟು ತೆಳುವಾದ ಗೋಡೆಯನ್ನು ತುಕ್ಕು ಹೊರಗಿನಿಂದ ತಿನ್ನುತ್ತಿರುವಾಗ, ಯಜಮಾನನು ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಮೈ ಕನ್ನಡಿಯಂತೆ ಹೊಳೆಯುವುದನ್ನು ಕಂಡು, ಸಂತುಷ್ಟನಾಗಿ ಮತ್ತೆ ಗೋಡೆಗೆ ತೂಗುಹಾಕುತ್ತಾನೆ. ಈಡು ಹಾರುತ್ತದೆ ಎಂಬುದು ಇಂದಿನ ಸಾಕ್ಷಿ. ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಪಟ್ಟಿ ಸಡಿಲಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಯಂತ್ರಗಳು ಬೇಕಾಗಿಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡತಕ್ಕದ್ದು. ಕೋವಿಯನ್ನು ಕಳಚಿ, ಮುಂದಿನ ಮರವನ್ನೂ ಖಾಲಿ ತೋಟೆಯನ್ನು ಎತ್ತಿಕೊಡುವ ತುಂಡನ್ನೂ ತೆಗೆದಿಟ್ಟು, ನಳಿಗೆಗಳ ಬುಡದಲ್ಲಿರುವ ಕೊಕ್ಕೆಯಿಂದ ಅವನ್ನು ಒಂದು ಬೆರಳಿಗೆ ತೂಗುಬಿಟ್ಟು, ಮರದ ಚಿಕ್ಕ ಕೋಲಿನಿಂದಲೋ ಬೆರಳಿನ ಗೆಣ್ಣಿನಿಂದಲೋ ಮೆಲ್ಲನೆ ತಟ್ಟಬೇಕು. ಬೆಸುಗೆ ಪೂರ್ಣವಾಗಿದ್ದರೆ ದೇವಸ್ಥಾನದ ಗಂಟೆಯ ಹಾಗೆ ನಾದವು ಎದ್ದು, ನಿಂತು, ನಿಧಾನವಾಗಿ ಅಡಗುತ್ತದೆ. ಎಲ್ಲಿಯಾದರೂ ಬಿಟ್ಟಿದ್ದರೆ ಒಡಕು ಗಡಿಗೆಯಂತೆ ಬೊದ್ದೆಂದು ಸತ್ತುಹೋಗುತ್ತದೆ, ಇಲ್ಲವೆ ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಅನುಮಾನ ಉಳಿದರೆ ಬಿಸಿನೀರಿನಲ್ಲಿ ಮುಳುಗಿಸಿ ನೋಡಬಹುದು. ಒಳಗಿನ ಗಾಳಿ ಹಿಗ್ಗಿ, ಬಿಟ್ಟ ಜಾಗದಿಂದ ಗುಳ್ಳೆಗಳ ಸಾಲು ಮೇಲೇಳುತ್ತದೆ. ಆದರೆ ಈ ಎರಡನೆಯ ಪರೀಕ್ಷೆ ದುರಸ್ತಿಗೆ ಕೈಹಾಕಿದವನು ಮಾಡತಕ್ಕದ್ದು. ಗುಳ್ಳೆ ಹೊರಬಂದ ದಾರಿಯಿಂದಲೇ, ನಳಿಗೆ ಆರಿದ ಕೂಡಲೆ, ನೀರು ಒಳಕ್ಕೆ ಹೋಗುತ್ತದೆಂಬುದನ್ನು ಮರೆಯಬಾರದು.

ಕೊಡಗಿನಲ್ಲಿ ಇದಕ್ಕೆ ಹೇಳಿಮಾಡಿಸಿದ ಒಂದು ದಿನವೇ ಇದೆ. ನಾಟಿಯ ಕೆಲಸವಿರುವ ಮಳೆಗಾಲದಲ್ಲಿ ಆಯುಧಗಳನ್ನು ಕನ್ನಿ ಕೊಂಬರೆಯೆಂಬ ಪೂಜೆಯ ಕೋಣೆಯಲ್ಲಿಟ್ಟು, ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿನಲ್ಲಿ, ಕೈಲ್‌ಪೊಳ್ದಿನ ದಿನ ಹೊರಕ್ಕೆ ತೆಗೆದು, ತೋಕಿನ, ಎಂದರೆ ಕೋವಿಯ, ಬಾಯಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುವುದು ಅಲ್ಲಿಯ ಪದ್ಧತಿ. ತಿಂಗಳುಗಟ್ಟಲೆ ಥಂಡಿಯಲ್ಲಿ ಕುಳಿತಿದ್ದ ನಳಿಗೆಯನ್ನು ಹೂ ಮುಡಿಸುವ ಮುಂಚೆ ಒಮ್ಮೆ ತಟ್ಟಿ ನೋಡಿದರೆ ಪೂಜೆಗೆ ಲೋಪವೇನೂ ಬರಲಾರದು.

ಇನ್ನು ದುರಸ್ತಿಯ ವಿಷಯ. ನಾನು ಮೊದಲು ಹೋದ ಅಂಗಡಿಯ ಹೆಸರನ್ನು ಹೇಳಲೊಲ್ಲೆ. ಅಲ್ಲಿಯವರು ಸಂದಿಗೆ ಎಮರಿ ಕಾಗದದ ತುಂಡನ್ನು ತುರುಕಿ ನಾಲ್ಕು ಸಲ ಎಳೆದು, ಎರಡು ಕೊಳವೆಗಳಿಂದ ಹಿಂಡಿ ಕಲಸುವ ಅಂಟನ್ನು ಬೆಂಕಿಕಡ್ಡಿಯ ತುದಿಯಿಂದ ತುಂಬಿ, ದಾರ ಸುತ್ತಿ, ಮರುದಿನ ಬರಹೇಳಿದರು. ಮರುದಿನ ನೋಡಿದರೆ ಪಟ್ಟಿ ಕದಲುತ್ತಿರಲಿಲ್ಲ. ಕೊಟ್ಟ ಹಣಕ್ಕೆ ಮೋಸವಾಯಿತೆಂದು ಹೇಳುವಂತಿರಲಿಲ್ಲ. ಅಂಟಿನ ಪಕ್ಷಪಾತಿಗಳು ಇಂದು ಬಹಳ ಮಂದಿ. ವಿಮಾನದ ರೆಕ್ಕೆಗಳನ್ನೇ ಅಂಟಿನಿಂದ ಕೂಡಿಸುವ ಕಾಲದಲ್ಲಿ ಒಂದು ಪಟ್ಟಿಗೆ ತವರವೇ ಬೇಕೆಂಬುದು ಗೊಡ್ಡು ಹಟವೆಂದು ಅವರು ವಾದಿಸುತ್ತಾರೆ. ವಿಮಾನದ ಕಾರ್ಖಾನೆಯಲ್ಲಿ ಲೋಹದ ಮೈಯನ್ನು ಎಷ್ಟು ಹಂತಗಳಲ್ಲಿ ಶುದ್ಧಿಮಾಡಿ, ಎಷ್ಟು ಹದವಾದ ಕಾವಿನಲ್ಲಿ ಆ ಅಂಟನ್ನು ಪಕ್ವಗೊಳಿಸುತ್ತಾರೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ತುಕ್ಕಿನ ಮೇಲೆ, ಎಣ್ಣೆಯ ಮೇಲೆ, ಕಣ್ಣಿಗೆ ಕಾಣದ ಸಂದಿನಲ್ಲಿ ಹಾಕಿದ ಅಂಟು ಹಿಡಿಯುವುದು ತುಕ್ಕನ್ನೇ ಹೊರತು ಉಕ್ಕನ್ನಲ್ಲ. ಅದೂ ಅಲ್ಲದೆ, ಪೇಟೆಯಲ್ಲಿ ಸಿಗುವ ಇಂತಹ ಸಾಮಾನ್ಯ ಅಂಟು ನೀರು ಕುದಿಯುವ ಕಾವಿಗೆ ಮುಂಚೆಯೇ ಮೆತ್ತಗಾಗುತ್ತದೆ. ನಳಿಗೆಗೆ ಮತ್ತೆ ಕಪ್ಪು ಹಾಕಿಸಬೇಕಾದರೆ ಅದನ್ನು ಅನೇಕ ಸಲ ಕುದಿಸಲೇಬೇಕು. ಎಲ್ಲಕ್ಕಿಂತ ಮಿಗಿಲಾದ ದೋಷವೆಂದರೆ, ಒಮ್ಮೆ ಅಂಟು ಕಂಡ ಉಕ್ಕಿಗೆ, ಅದನ್ನು ಕೆರೆದು ಕೆರೆದು ಬರಿಮೈ ಮಾಡುವವರೆಗೆ, ತವರವು ಹಿಡಿಯುವುದಿಲ್ಲ. ತನ್ನ ಅನಂತರ ಬರುವ ಒಳ್ಳೆಯ ಕೆಲಸಗಾರನ ದಾರಿಗೂ ಮುಳ್ಳು ಹಾಕಿ ಹೋಗುವ ಇಂತಹ ದುರಸ್ತಿಯನ್ನು ದುರಸ್ತಿಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಬಿಟ್ಟಿತು. ಆಗ ನಾನು ಇನ್ನೊಬ್ಬರಲ್ಲಿಗೆ ಹೋದೆ. ಇವರು ಬೆಸುಗೆಯವರು, ಮೊದಲನೆಯವರನ್ನು ಬಾಯ್ತುಂಬ ಹಳಿದು, ಸಂದಿಗೆ ಒಂದಿಷ್ಟು ಆಸಿಡ್ಡನ್ನು ಹನಿಸಿ, ಗ್ಯಾಸಿನ ಉರಿಯನ್ನು ಆ ಗೇಣುದ್ದಕ್ಕೆ ಮಾತ್ರ ಹಿಡಿದು, ತವರದ ಸರಳನ್ನು ಒತ್ತಿದರು. ಬಿಟ್ಟಷ್ಟಕ್ಕೆ ಮಾತ್ರ ಹಾಕುವ ಈ ತೇಪೆಯ ಸಿದ್ಧಾಂತವು ಕಿವಿಗೆ ಎಷ್ಟು ನ್ಯಾಯವಾಗಿ ಕೇಳಿಸುತ್ತದೆಯೋ, ಉಕ್ಕಿನ ಸ್ವಭಾವಕ್ಕೆ ಅಷ್ಟೇ ವಿರುದ್ಧವಾದದ್ದು. ಕಾವಿಗೆ ಗೆರೆ ಹಾಕಿ ಇಲ್ಲಿಯೇ ನಿಲ್ಲೆಂದು ಹೇಳುವಂತಿಲ್ಲ. ಅದು ನಳಿಗೆಯ ಎರಡೂ ಕಡೆಗೆ ಹರಿಯುತ್ತದೆ, ಎದುರಿನ ಪಟ್ಟಿಗೂ ದಾಟುತ್ತದೆ. ತವರ ಸೀಸಗಳನ್ನು ನೂರಕ್ಕೆ 63 ಮತ್ತು 37ರಂತೆ ಬೆರಸಿದ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ. ಬರಿಯ ತವರವಾದರೆ 232ರಲ್ಲಿ. ಈ ಕಾವಿಗೆ ಕೆಳಪಟ್ಟಿಯನ್ನು ಮುಟ್ಟಿಸಿದಾಗ ಅದರ ನೇರದಲ್ಲಿರುವ ಮೇಲ್ಪಟ್ಟಿಯ ಬೆಸುಗೆ ತಣ್ಣಗೆ ಕುಳಿತಿರುತ್ತದೆಯೆ? ಬಿಸಿಯಾದ ಭಾಗ ಹಿಗ್ಗುತ್ತದೆ, ತಣ್ಣಗಿರುವ ಭಾಗ ಹಿಗ್ಗುವುದಿಲ್ಲ, ಅವೆರಡರ ನಡುವಣ ಜಗಳದಲ್ಲಿ ಹಳೆಯ ಬೆಸುಗೆ ಹರಿಯುತ್ತದೆ. ಗೇಣುದ್ದದ ತೇಪೆ ಹಾಕಿಸಿಕೊಂಡು ಬಂದವನ ಕೋವಿ ಮರುವರ್ಷ ತೇಪೆಯ ಅತ್ತಿತ್ತ ಮೊಳದುದ್ದ ಬಿಟ್ಟಿರುವುದನ್ನು ನಾನು ಒಂದಲ್ಲ, ಎರಡು ಮೂರು ಮನೆಗಳಲ್ಲಿ ಕಂಡಿದ್ದೇನೆ. ಆಗಲೂ ದೂಷಣೆ ಬರುವುದು ತವರಕ್ಕೆ: ತವರ ಮೆದು, ಅದಕ್ಕೇ ಬಿಟ್ಟಿತು, ಹಿತ್ತಾಳೆ ಹಾಕಿಸಿ.

ಇಲ್ಲಿಗೆ ಪ್ರಚಲಿತ ಮತದ ಮರ್ಮಸ್ಥಾನಕ್ಕೆ ಬಂದಂತಾಯಿತು. ಬೆಸುಗೆ ಗಟ್ಟಿಯಾದಷ್ಟೂ ಒಳ್ಳೆಯದೆಂಬುದು ವಾದದ ಅಗತ್ಯವೇ ಇಲ್ಲದ ಸತ್ಯವೆಂದು ಎಲ್ಲರೂ ಭಾವಿಸಿದ್ದಾರೆ. ಪಟ್ಟಿಯನ್ನು ನಳಿಗೆಗೆ ಹಿಡಿದಿಡುವುದು ಬೆಸುಗೆಯ ಕಾಠಿಣ್ಯವಲ್ಲ. ಅದರ ವಿಸ್ತಾರ, ಶುಚಿತ್ವ ಮತ್ತು ತೆಳ್ಳನೆಯ ಪದರ. ಒಂದು ಸ್ಥೂಲವಾದ ಲೆಕ್ಕವನ್ನು ನೋಡಿ. 28 ಇಂಚಿನ ಪಟ್ಟಿಗೆ ಎರಡು ಅಂಚುಗಳು. ಒಂದೊಂದು ಅಂಚೂ ನಳಿಗೆಯನ್ನು ಒಂದೇ ಒಂದು ಮಿಲಿಮೀಟರಿನ ಅಗಲದಲ್ಲಿ ಮುಟ್ಟುತ್ತದೆಂದು ಜಿಪುಣತನದಿಂದಲೇ ಇಟ್ಟುಕೊಂಡರೂ, ಬೆಸುಗೆಯ ಒಟ್ಟು ಕ್ಷೇತ್ರ 14 ಚದರ ಸೆಂಟಿಮೀಟರಿಗೆ ಕಡಿಮೆಯಾಗದು. ಅಷ್ಟು ಕ್ಷೇತ್ರದಲ್ಲಿ ಸರಿಯಾಗಿ ಹಿಡಿದ ತವರದ ಬೆಸುಗೆಯನ್ನು ಉದ್ದಕ್ಕೆ ಜಾರಿಸಿ ಕೀಳಬೇಕಾದರೆ ಟನ್ನುಗಳ ಲೆಕ್ಕದ ಎಳೆತ ಬೇಕು. ಯಾವ ಈಡಿನ ಒದೆತವೂ ಪಟ್ಟಿಯ ಮೇಲೆ ಅದರ ಸಮೀಪಕ್ಕೂ ಬರುವುದಿಲ್ಲ. ತವರವು ಬಿಟ್ಟಿತೆಂದರೆ ಮೆದುವಾದುದರಿಂದ ಬಿಟ್ಟಿತೆಂದಲ್ಲ, ಮೊದಲೇ ಪೂರ್ತಿಯಾಗಿ ಹಿಡಿದಿರಲಿಲ್ಲ, ಇಲ್ಲವೆ ತುಕ್ಕು ಅದರಡಿ ನುಸುಳಿತು ಎಂದರ್ಥ.

ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಮಿಕ್ಕಿದ ಕಾವು ಬೇಕು. ಹಿತ್ತಾಳೆಗೆ 900ರ ಸುಮಾರು. ತಿಕ್ಕಿ ಬೆಳಗಿದ ಉಕ್ಕು ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣಕ್ಕೆ, 300ರಲ್ಲಿ ನೀಲಿಗೆ ತಿರುಗುವುದನ್ನು ಕಮ್ಮಾರಸಾಲೆಯಲ್ಲಿ ಕುಳಿತವರೆಲ್ಲರೂ ನೋಡಿದ್ದಾರೆ. ತವರದ ಕೆಲಸವು ಹುಲ್ಲುಬಣ್ಣದ ಆಸುಪಾಸಿನಲ್ಲಿಯೇ ಮುಗಿದುಹೋಗುತ್ತದೆ. ಉಕ್ಕಿನ ಒಳಗುಣಕ್ಕೆ ಧಕ್ಕೆಯಿಲ್ಲ. ಹಿತ್ತಾಳೆಯ ಕಾವಿನಲ್ಲಿಯಾದರೋ ಅರ್ಧ ಮಿಲಿಮೀಟರಿನ ಗೋಡೆಯು ಕೆಂಡದಂತಾಗಿ, ಹದ ಕಳೆದುಕೊಂಡು, ಸೊಟ್ಟಗಾಗಿ, ಒಳಮೈಯಲ್ಲಿ ಕಿಟ್ಟವೆದ್ದು, ಬರ್ಮಿಂಗ್‌ಹ್ಯಾಮಿನವರು ಯಾವ ಉಕ್ಕನ್ನು ಪರೀಕ್ಷಿಸಿ ಮುದ್ರೆಯೊತ್ತಿದ್ದರೋ ಆ ಉಕ್ಕು ಅಲ್ಲಿ ಉಳಿದೇ ಇರುವುದಿಲ್ಲ. ಬುಡದಲ್ಲಿ ಹಿತ್ತಾಳೆಯನ್ನು ಅವರೇ ಬಳಸಿದ್ದಾರಲ್ಲ ಎಂದು ಪ್ರತಿಪಕ್ಷಿಗಳು ಕೇಳಬಹುದು. ಬಳಸಿದ್ದಾರೆ, ಬುಡದ ಗೋಡೆ ದಪ್ಪ, ಮತ್ತು ಅದಾದ ಮೇಲೆಯೇ ಕೊರೆಯುವ, ನೇರಗೊಳಿಸುವ, ಪರೀಕ್ಷಿಸುವ ಕೆಲಸಗಳೆಲ್ಲ ನಡೆಯುತ್ತವೆ. ಒಂದೇ ಕೋವಿಯಲ್ಲಿ ಬುಡಕ್ಕೆ ಹಿತ್ತಾಳೆಯನ್ನೂ ಪಟ್ಟಿಗೆ ತವರವನ್ನೂ ಆರಿಸಿಕೊಂಡವರು ಹಿತ್ತಾಳೆ ಸಾಲದೆ ತವರಕ್ಕೆ ಇಳಿದವರಲ್ಲ. ಮುಂದೊಂದು ದಿನ ಈ ಪಟ್ಟಿಯನ್ನು ಯಾರಾದರೂ ಬಿಚ್ಚಬೇಕಾದೀತು, ಬಿಚ್ಚಿದಾಗ ನಳಿಗೆ ಉಳಿಯಬೇಕು ಎಂಬ ದೂರದೃಷ್ಟಿ ಅದರಲ್ಲಿದೆ.

ಆಸಿಡ್ಡಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಂದಿನಲ್ಲಿ ಊರಿಗೆ ಬರುತ್ತಿದ್ದ ಕಲಾಯಿಯವನು ತಾಮ್ರದ ಹಂಡೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ಬಿಳಿಯ ಹೊಗೆ ಏಳುತ್ತಿರುವಂತೆಯೇ ತವರವನ್ನು ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದು ಸುತ್ತು ಒರೆಸಿದನೆಂದರೆ ಹಂಡೆಯ ಹೊಟ್ಟೆ ಹುಣ್ಣಿಮೆಯಾಗುತ್ತಿತ್ತು. ನವಸಾಗರವಾಗಲಿ, ಸತುವನ್ನು ತಿನ್ನಿಸಿ ತಯಾರಿಸಿದ ಆಸಿಡ್ಡಾಗಲಿ, ಲೋಹದ ಕೊಳೆಯನ್ನು ಕ್ಷಣಾರ್ಧದಲ್ಲಿ ಕಿತ್ತೆಸೆಯುತ್ತವೆ. ಆದರೆ ಕೆಲಸ ಮುಗಿದ ಮೇಲೆ ಹಂಡೆಯನ್ನು ತೊಳೆಯಬಹುದು, ಕೋವಿಯ ಟೊಳ್ಳನ್ನು ತೊಳೆಯುವಂತಿಲ್ಲ. ಒಳಗುಳಿದ ಆ ಉಪ್ಪು ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತ, ಉಕ್ಕನ್ನು ವರ್ಷವಿಡೀ ತಿನ್ನುತ್ತ ಕುಳಿತಿರುತ್ತದೆ. ಅದಕ್ಕಾಗಿಯೇ ಪಟ್ಟಿಯ ಬೆಸುಗೆಗೆ ಮರದ ರಾಳವನ್ನು ಮಾತ್ರ ಬಳಸಬೇಕೆಂಬ ಕಟ್ಟುಪಾಡು. ರಾಳ ನಿಧಾನ, ಹೆಚ್ಚು ಶುಚಿಯನ್ನು ಬೇಡುತ್ತದೆ. ಆದರೆ ಉಳಿದರೂ ಉಪದ್ರವ ಕೊಡುವುದಿಲ್ಲ. ಇದೇ ಬಗೆಯ ಇನ್ನೊಂದು ಅನರ್ಥ, ಅರ್ಧ ಗಂಟೆಯಲ್ಲಿ ಹೊಳೆಯುವ ಕಪ್ಪನ್ನು ಕೊಡುವ ಕಾಸ್ಟಿಕ್ ಸೋಡದ ಕುದಿಯುವ ಸ್ನಾನ. ಅದರ ಕಾವು 140 ಡಿಗ್ರಿಯ ಸುಮಾರು, ತವರ ಕರಗುವಷ್ಟಿಲ್ಲ, ಆದ್ದರಿಂದ ಭಯವಿಲ್ಲವೆಂದು ಹೇಳುವವರಿದ್ದಾರೆ. ತವರವನ್ನು ಕೊಲ್ಲುವುದು ಅಲ್ಲಿ ಕಾವಲ್ಲ, ಸೋಡ. ಅದು ತವರ ಸೀಸಗಳೆರಡನ್ನೂ ಕರಗಿಸಿ ತಿನ್ನುತ್ತದೆ, ಟೊಳ್ಳಿನಲ್ಲಿ ಹೊಕ್ಕು ಕುಳಿತು ತಿಂಗಳಾದ ಮೇಲೂ ಸಂದಿನಿಂದ ಬೆಳ್ಳಗೆ ಒಸರುತ್ತದೆ. ಜೋಡುನಳಿಗೆಗೆ ಸಲ್ಲುವುದು ಹಳೆಯ ಕ್ರಮವೊಂದೇ: ತುಕ್ಕು ಬರಿಸುವುದು, ಶುದ್ಧನೀರಿನಲ್ಲಿ ಕುದಿಸಿ ಆ ಕೆಂಪನ್ನು ಕಪ್ಪಾಗಿಸುವುದು, ತಂತಿಯ ಕುಂಚದಿಂದ ಉಜ್ಜುವುದು, ಹೀಗೆ ದಿನಗಟ್ಟಲೆ ಮತ್ತೆ ಮತ್ತೆ.

ನನ್ನ ಕೋವಿಯನ್ನು ಕೊನೆಗೆ ಬಿಚ್ಚಿದವರು ಮೈಸೂರಿನಲ್ಲಿದ್ದ ಒಬ್ಬ ವೃದ್ಧ ಕಸಬುದಾರರು. ನಳಿಗೆಗಳನ್ನು ಬೆರಳಿಗೆ ತೂಗುಬಿಟ್ಟು ತಟ್ಟಿದರು, ಏನೂ ಹೇಳಲಿಲ್ಲ. ಬಾಯಿಯ ಬಳಿ ಎರಡು ನಳಿಗೆಗಳ ನಡುವಣ ಅಂತರವನ್ನು ಅಳೆದು ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದುಕೊಂಡರು. ಎರಡೂ ಪಟ್ಟಿಗಳನ್ನು ಬಿಚ್ಚಿದರೆ ನಳಿಗೆಗಳ ಓರೆ ತಪ್ಪೀತೆಂಬ ಆಕ್ಷೇಪಕ್ಕೆ ಉತ್ತರವಿರುವುದು ಆ ಅಳತೆಯಲ್ಲಿ. ಅದನ್ನು ಬರೆದುಕೊಳ್ಳದವನ ಕೈಯಲ್ಲಿ ಆ ಆಕ್ಷೇಪ ನಿಜವೇ ಆಗುತ್ತದೆ. ಬಳಿಕ ಪಟ್ಟಿಗಳನ್ನು ಎತ್ತಿದರು. ಒಳಗಿನ ತುಕ್ಕು, ಅಂಟಿನ ಹಳದಿ ಚಕ್ಕೆ, ಆಸಿಡ್ಡಿನ ಬಿಳಿ ಹಿಟ್ಟು, ಎಲ್ಲವನ್ನೂ ಎರಡು ದಿನ ಕೂತು ಕೆರೆದರು. ಬೆಳ್ಳಗಾದ ಉಕ್ಕಿಗೆ ರಾಳ ಸವರಿ, ನಳಿಗೆಗೂ ಪಟ್ಟಿಗೂ ಬೇರೆಬೇರೆಯಾಗಿ ತವರದ ಕಲಾಯಿ ಹಾಕಿದರು. ಎಲ್ಲಿಯಾದರೂ ಸಾಸಿವೆಯಷ್ಟು ಕಪ್ಪು ಉಳಿದರೆ ಅಲ್ಲಿಗೆ ಮತ್ತೆ ಕೆರೆತ. ಆಮೇಲೆ ಪಟ್ಟಿಗಳನ್ನು ಸ್ವಸ್ಥಾನದಲ್ಲಿ ಕೂಡಿಸಿ, ಬುಡದಿಂದ ಬಾಯಿಯವರೆಗೆ ಎರಡೆರಡು ಬೆರಳಿಗೊಂದು ಸುತ್ತು ಮೆತ್ತನೆಯ ಕಬ್ಬಿಣದ ತಂತಿ ಕಟ್ಟಿ, ಪ್ರತಿ ಸುತ್ತಿನಡಿಗೂ ಸಣ್ಣ ಬೆಣೆಯನ್ನು ಹೊಡೆದು ಬಿಗಿಗೊಳಿಸಿದರು. ಉರಿಯನ್ನು ಒಂದೆಡೆ ನಿಲ್ಲಿಸದೆ ಉದ್ದಕ್ಕೂ ಆಡಿಸುತ್ತ ಬಂದಂತೆ, ಒಂದು ಗಳಿಗೆಯಲ್ಲಿ ಸಂದಿನುದ್ದಕ್ಕೂ ಬೆಳ್ಳಿಯ ಎಳೆಯೊಂದು ತಾನಾಗಿ ಹೊರಹೊಮ್ಮಿತು. "ಇಷ್ಟೇ ಸ್ವಾಮಿ. ನಾವು ಹಿಡಿಸೋದಲ್ಲ, ಅದೇ ಹಿಡಿಯೋದು. ಜಾಗ ಚೊಕ್ಕ ಮಾಡಿಕೊಡೋದು ನಮ್ಮ ಕೆಲಸ" ಎಂದು ಅವರು ಬೀಡಿ ಹಚ್ಚಿದರು.

ಇದಕ್ಕೆ ಕಾಲ ಬೇಕು, ಹಣ ಬೇಕು ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. 1959ರ ಆಯುಧಗಳ ಕಾಯಿದೆಯಂತೆ ಬಂದೂಕಿನ ದುರಸ್ತಿಗೂ ಪರವಾನಗಿ ಬೇಕಾದುದರಿಂದ ಬಲ್ಲವರು ವಿರಳ, ಇದ್ದವರೂ ಮುಪ್ಪಾದರು. ಹಾಗೆಂದು ಪೇಟೆಯ ಗೇಟು ಕಿಟಕಿಗಳ ವೆಲ್ಡಿಂಗಿನವನ ಬಳಿಗೆ ಕತ್ತಲಲ್ಲಿ ಕೋವಿಯನ್ನು ಒಯ್ಯುವುದು ಕಾಯಿದೆಗೂ ವಿರುದ್ಧ, ಕೋವಿಗೂ ಮಾರಕ. ಪಟ್ಟಿಯು ಬಾಯಿಯ ಬಳಿ ಎರಡು ಬೆರಳಿನಷ್ಟು ಮಾತ್ರ ಎದ್ದಿದ್ದು, ಅದನ್ನು ಬಿಡದೆ ಹಿಡಿದಿರುವ ಬೆಸುಗೆ ಸಿಕ್ಕುವವರೆಗೆ ಬಿಡಿಸಿ ನೋಡಿದಾಗ ಒಳಗೆ ತುಕ್ಕಿಲ್ಲವೆಂದು ಕಣ್ಣಾರೆ ಕಂಡರೆ, ಅಷ್ಟನ್ನೇ ಶುಚಿಮಾಡಿ ಕೂರಿಸಬಹುದೆಂದು ಆ ವೃದ್ಧರೂ ಒಪ್ಪುತ್ತಿದ್ದರು. ಆದರೆ ಅದು ತೆರೆದು ನೋಡಿ ಮಾಡಿದ ತೀರ್ಮಾನ, ಮುಚ್ಚಿದ್ದಂತೆಯೇ ಹಚ್ಚಿದ ತೇಪೆಯಲ್ಲ. ಹಣವಿಲ್ಲದವನು ಹಣ ಒದಗುವವರೆಗೆ ಕೋವಿಯನ್ನು ಒಣಗಿದ ಸ್ಥಳದಲ್ಲಿ ಸುಮ್ಮನೆ ಇಡಲಿ. ಏನನ್ನೂ ಮಾಡದಿರುವುದು ಅಂಟಿಗಿಂತಲೂ ಆಸಿಡ್ಡಿಗಿಂತಲೂ ಮೇಲು.

ಬೆಸುಗೆ ಆರಿ, ತಂತಿಗಳನ್ನು ಕಳಚಿ, ಹೊರಸೂಸಿದ ತವರವನ್ನು ಕೆರೆದು ತೆಗೆದ ಮೇಲೆ ಆ ವೃದ್ಧರು ನಳಿಗೆಗಳನ್ನು ನನ್ನ ಬೆರಳಿಗೇ ತೂಗುಬಿಟ್ಟು ತಟ್ಟಿದರು. ತಂದೆಯವರ ಕಾಲದಲ್ಲಿ ಹೇಗೆ ಮೊಳಗುತ್ತಿತ್ತೋ ಹಾಗೆಯೇ ಮೊಳಗಿತು. ಆದರೆ ಪಟ್ಟಿ ಬಿಚ್ಚಿದ ದಿನವೇ ಅವರು ಎಡನಳಿಗೆಯ ಹೊರಮೈಯಲ್ಲಿ, ಆಸಿಡ್ಡು ಹನಿಸಿದ ಜಾಗದ ನೇರಕ್ಕೆ, ಸಾಲಾಗಿ ಬಿದ್ದಿದ್ದ ಕುಳಿಗಳನ್ನು ನನಗೆ ತೋರಿಸಿ, ಗೋಡೆಯಲ್ಲಿ ಉಳಿದಿರುವುದು ಕಾಗದದಷ್ಟೆಂದು ಹೇಳಿದ್ದರು. ಆ ಕೋವಿಗೆ ನಾವು ಈಗ ತೋಟೆ ತುಂಬುವುದಿಲ್ಲ. ಲೈಸೆನ್ಸನ್ನು ಕಾಲಕಾಲಕ್ಕೆ ನವೀಕರಿಸುತ್ತೇವೆ; ಆಯುಧಪೂಜೆಯ ದಿನ ಕೆಳಗಿಳಿಸಿ, ಕುಂಕುಮ ಹಚ್ಚಿ, ಮತ್ತೆ ಗೋಡೆಗೆ ತೂಗುಹಾಕುತ್ತೇವೆ.